ಮಂಟಪಕ್ಕೆ ಬಾಯಿ ಮಾಡಿದ ಬಟ್ಟಲುಗಳು

ಗೋಡೆಯ ಒಳಗಿನಿಂದ ಸದ್ದು ಬರುತ್ತಿತ್ತು. ಟಕ್, ಟಕ್. ಕಬ್ಬಿಣದ ಮೇಲೆ ಕಬ್ಬಿಣ.

ಬಾಗಿಲು ಬಡಿಯಲು ಸಬ್ ಇನ್ಸ್‌ಪೆಕ್ಟರ್ ಪಾಲಯ್ಯ ಎತ್ತಿದ ಕೈಯನ್ನು ಪಕ್ಕೀರಪ್ಪ ಗಟ್ಟಿಯಾಗಿ ಹಿಡಿದುಕೊಂಡ. ಬೇರೆ ಹೊತ್ತಿನಲ್ಲಾಗಿದ್ದರೆ ಅವನು ಪೊಲೀಸ್ ಅಧಿಕಾರಿಯ ಮೈ ಮುಟ್ಟುವವನಲ್ಲ.

"ಬಡೀಬ್ಯಾಡ್ರಿ. ಕೂಗಲೂಬ್ಯಾಡ್ರಿ," ಎಂದ, ಉಸಿರಿನಲ್ಲೇ. "ಒಳಗಿದ್ದವ್ರು ಬೆಚ್ಚಿದ್ರ ಕೈ ಜೋರು ಬೀಳತೈತಿ."

ಚಿಗಟೇರಿಯ ಈ ಮನೆ ಮದ್ದಿನ ಸುಂಕಪ್ಪನದು. ಸುತ್ತಲಿನ ಊರುಗಳ ಮದುವೆಗಳಿಗೆ ಗರ್ನಾಲು ಹಾರಿಸುವವನು ಅವನೇ. ದಪ್ಪ ಕಬ್ಬಿಣದ ಬಟ್ಟಲಿಗೆ ಕರಿಮದ್ದು ತುಂಬಿ, ಮೇಲೆ ಇಟ್ಟಿಗೆ ಪುಡಿ ಹಾಕಿ ಸಲಾಕೆಯಿಂದ ಜಡಿದು, ಬಾಯಿ ಮೇಲಾಗಿ ನೆಲದಲ್ಲಿ ಸಾಲಾಗಿ ಹೂತು ಬೆಂಕಿ ಕೊಟ್ಟರೆ ಸದ್ದು ಎರಡು ಊರಿಗೆ ಕೇಳುತ್ತದೆ. ಹಳೆಯ ಬಟ್ಟಲುಗಳ ಬಿರುಕು ಬೆಸೆಯಲು ಅವನು ಪ್ರತಿ ಬೇಸಿಗೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಕುಲುಮೆಗೆ ಬರುತ್ತಿದ್ದ. ಈ ಸಲ ಬರಲಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಹೊಸ ಗರ್ನಾಲು ಸಿಕ್ಕಿವೆ, ಒಳಗೆ ತಾಮ್ರ ಹೊಡೆದಿದ್ದಾರೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ. ಕುಲುಮೆಯವನು ಬೆಳಿಗ್ಗೆ ಇದನ್ನು ಹೇಳಿದಾಗ ಪಕ್ಕೀರಪ್ಪ ಚಹಾ ಕೆಳಗಿಟ್ಟು ಜೀಪಿನ ಕಡೆ ನಡೆದಿದ್ದ.

ಕೊಟ್ಟೂರು ರಸ್ತೆಯಲ್ಲಿ ಮಗುಚಿದ ಲಾರಿಯಿಂದ ಕಾಣೆಯಾದ ಪೆಟ್ಟಿಗೆಯಲ್ಲಿದ್ದುದು ಅಂಥವೇ ಬಟ್ಟಲುಗಳು.

ಅವು ಮದುವೆಗೆ ಮಾಡಿದವಲ್ಲ. ಆಂಧ್ರದ ಕರಾವಳಿಯಲ್ಲಿ ಕೊರೆಯುತ್ತಿದ್ದ ಗ್ಯಾಸ್ ಬಾವಿಗಳಿಗೆ ಹೊರಟವು. ಗ್ಯಾಸ್ ಬಾವಿಯೆಂದರೆ ಗೇಣಗಲದ ತೂತು. ಅದರ ಉದ್ದಕ್ಕೂ ಉಕ್ಕಿನ ಕೊಳವೆ ಇಳಿಸಿ ಸುತ್ತ ಸಿಮೆಂಟು ಹಾಕಿರುತ್ತಾರೆ. ಗ್ಯಾಸು ಒಳಗೆ ಬರಬೇಕಾದರೆ ಆಳದಲ್ಲಿ ಆ ಉಕ್ಕಿಗೂ ಸಿಮೆಂಟಿಗೂ ಬಂಡೆಗೂ ತೂತು ಬೀಳಬೇಕು. ಅದಕ್ಕಾಗಿ ಒಂದು ಕೊಳವೆಯ ಸುತ್ತ, ಗೋವಿನಜೋಳದ ತೆನೆಗೆ ಕಾಳು ಕೂತಂತೆ ಈ ಬಟ್ಟಲುಗಳನ್ನು ಕೂರಿಸಿ ಬಾವಿಗಿಳಿಸುತ್ತಾರೆ. ಮೇಲಿನಿಂದ ಕರೆಂಟು ಬಿಟ್ಟರೆ ಎಲ್ಲ ಒಟ್ಟಿಗೆ ಹಾರುತ್ತವೆ. ಇಟ್ಟಿಗಿ ಎಂಬ ಊರಿನಲ್ಲಿ ಹುಟ್ಟಿ ಬೆಳೆದ ಪಕ್ಕೀರಪ್ಪ ಆ ಬಾವಿಗಳ ಕಂಪನಿಯಲ್ಲಿ ಮಾಡುತ್ತಿದ್ದುದು ಇದೇ ಕೆಲಸ. ಕಾಣೆಯಾದ ಮಾಲನ್ನು ಗುರುತಿಸಲು ಕಂಪನಿ ಅವನನ್ನು ಪಾಲಯ್ಯನ ಜೊತೆಗೆ ಬಿಟ್ಟಿತ್ತು.

ಬಟ್ಟಲಿನ ತಳದಲ್ಲಿ ಮದ್ದು ಇರುತ್ತದೆ; ಅದರ ಮೇಲೆ ಲಾಳಿಕೆಯ ಆಕಾರದ ತೆಳು ತಾಮ್ರ. ಬಾಯಿಯ ಕಡೆ ಟೊಳ್ಳು. ನೋಡಿದವರಿಗೆ ಅರ್ಧ ತುಂಬಿ ಬಿಟ್ಟಂತೆ ಕಾಣುತ್ತದೆ.

"ಆ ಟೊಳ್ಳಿನಾಗ ಐತಿ ಅದರ ಶಕ್ತಿ," ಎಂದು ಜೀಪಿನಲ್ಲಿ ಹೇಳಿದ್ದ ಪಕ್ಕೀರಪ್ಪ. "ತಾಮ್ರ ಕರಗಿದ ಈಟಿಯಂಗ ಬಾಯಿಂದ ಹೊಂಟು ಬರತೈತಿ. ಅದರ ಮುಂದ ಉಕ್ಕು ನಿಲ್ಲಂಗಿಲ್ಲ, ಮನಷ್ಯಾ ಎಲ್ಲಿ ನಿಂತಾನು?"

ಗರ್ನಾಲು ತುಂಬುವವರ ಕಣ್ಣಿಗೆ ಟೊಳ್ಳು ಎಂದರೆ ಕೆಲಸ ಬಾಕಿ. ಅವರು ಅದಕ್ಕೆ ಕರಿಮದ್ದು ಸುರಿದು ಜಡಿಯುತ್ತಾರೆ. ಒಳಗಿನಿಂದ ಬರುತ್ತಿದ್ದ ಸದ್ದು ಅದೇ.

ಬರೀ ಬೆಂಕಿ ತಗುಲಿದರೆ ಒಳಗಿನ ಮದ್ದು ಸಿಡಿಯದೆ ಉರಿದು ಹೋಗಬಹುದು, ಆದರೆ ಖಾತ್ರಿಯಿಲ್ಲ ಎಂದಿದ್ದ ಪಕ್ಕೀರಪ್ಪ. ಸಲಾಕೆಯಿಂದ ಜಡಿದರೆ ಏನಾಗುತ್ತದೆಂದು ಅವನೂ ಹೇಳಲಾರ. ಕಂಪನಿಯಲ್ಲಿ ಯಾರೂ ಹಾಗೆ ಮಾಡಿ ನೋಡಿಲ್ಲ.

ಬಾಗಿಲು ಅರೆ ತೆರೆದಿತ್ತು. ಪಾಲಯ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ತಳ್ಳಿದ. ಪಡಸಾಲೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕಾಲು ಚಾಚಿ ಕೂತಿದ್ದಳು. ಎರಡು ಪಾದಗಳ ನಡುವೆ ಕಬ್ಬಿಣದ ಬಟ್ಟಲು, ಕೈಯಲ್ಲಿ ಮೊಳದುದ್ದದ ಸಲಾಕೆ. ಸುಂಕಪ್ಪನ ಹೆಂಡತಿ ಈರಕ್ಕ.

ಖಾಕಿ ಕಂಡರೂ ಅವಳು ಏಳಲಿಲ್ಲ. ಗಂಡ ಮನೆಯಲ್ಲಿಲ್ಲ, ಜಂಬಣ್ಣನವರ ಮಗಳ ಮದುವೆಗೆ ಹೋಗಿದ್ದಾನೆ, ಲೈಸೆನ್ಸು ಅವನ ಅಂಗಿ ಕಿಸೆಯಲ್ಲಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮತ್ತೊಂದು ಪೆಟ್ಟು ಹಾಕಿದಳು. ಟಕ್.

ಪಕ್ಕೀರಪ್ಪ ಕಣ್ಣು ಮುಚ್ಚಿಕೊಂಡ.

ನಿಲ್ಲಿಸು ಎಂದರೆ ಏಕೆ ಎಂದು ಕೇಳುತ್ತಾಳೆ, ಕೇಳುತ್ತಲೇ ಇನ್ನೊಂದು ಪೆಟ್ಟು ಹಾಕುತ್ತಾಳೆ. ಕೈ ಹಿಡಿಯಲು ಹೋದರೆ ಕೊಸರುತ್ತಾಳೆ. ಅವಳಾಗಿಯೇ ಸಲಾಕೆ ಕೆಳಗಿಡಬೇಕು. ಪಾಲಯ್ಯ ಬಾಗಿಲ ಬಳಿಯೇ ನೆಲದ ಮೇಲೆ ಕೂತ.

"ಯವ್ವಾ, ಕುಡಿಯಾಕ ಒಂದು ಚೆಂಬು ನೀರು ಕೊಡು," ಎಂದ.

ಯಾವ ಮನೆಯಲ್ಲೂ ಕೆಲಸ ಬಿಟ್ಟು ಎದ್ದು ಕೊಡುವ ವಸ್ತು ಅದು. ಆದರೆ ಈರಕ್ಕ ಏಳಲಿಲ್ಲ. ಸಲಾಕೆ ಗಾಳಿಯಲ್ಲೇ ನಿಂತಿತು. ಪಾಲಯ್ಯನಿಗೆ ಆಮೇಲೆ ಹೊಳೆಯಿತು: ಊರ ಹೊರಗಿನ ಈ ಕೇರಿಯಲ್ಲಿ ನೀರು ಕೇಳಿದ ಅಧಿಕಾರಿ ಇವನಿಗಿಂತ ಮೊದಲು ಬಂದಿರಲಿಕ್ಕಿಲ್ಲ.

"ನಮ್ಮ ಮನಿ ನೀರು ಕುಡೀತೀರೇನ್ರಿ ಸಾಹೇಬ್ರ?" ಅವಳ ದನಿಯಲ್ಲಿ ನಗೆ ಇತ್ತು. "ಓಟು ಕೇಳಾಕ ಬಂದವ್ರು ಇದ ಕಟ್ಟಿ ಮ್ಯಾಲ ಕುಂತಿದ್ರು. ನೀರು ಕೊಡ್ಲೇನ್ರಿ ಅಂದ್ರ, ಈಗ ಕುಡದು ಬಂದ್ವಿ ಅಂತ ಎದ್ದು ಹೋದ್ರು. ಎಲ್ಲಿ ಕುಡದಿದ್ರೋ, ಹಳ್ಳದಾಗಂತೂ ನೀರಿರಲಿಲ್ಲ."

ಹೇಳುತ್ತ ಹೇಳುತ್ತ, ಮಾತಿಗೆ ತಾಳ ಹಾಕುವವಳಂತೆ, ಬಟ್ಟಲಿನ ಅಂಚಿಗೆ ಸಲಾಕೆಯಿಂದ ಒಮ್ಮೆ ತಟ್ಟಿದಳು.

"ನನ್ನ ಬಾಯಿ ಒಣಗೈತೆವ್ವ," ಎಂದ ಪಾಲಯ್ಯ. "ಸುಳ್ಳಲ್ಲ."

ಅದು ಸುಳ್ಳಾಗಿರಲಿಲ್ಲ. ಈರಕ್ಕ ಅವನ ಮುಖವನ್ನೇ ನೋಡಿದಳು. ಸಲಾಕೆಯನ್ನು ಪಕ್ಕಕ್ಕಿಟ್ಟಳು. ಮದ್ದು ಹತ್ತಿದ ಕೈಯನ್ನು ಬಚ್ಚಲಿನಲ್ಲಿ ಉಜ್ಜಿ ತೊಳೆದು, ಮಣ್ಣಿನ ಹರವಿಯಿಂದ ನೀರು ತೋಡಿ ತಂದಳು. ಅಷ್ಟರಲ್ಲಿ ಪಕ್ಕೀರಪ್ಪ ಸಲಾಕೆಯನ್ನು ಹೊರಗೆ ಸಾಗಿಸಿ, ಬಟ್ಟಲಿನ ಮುಂದೆ ಮಂಡಿಯೂರಿದ್ದ.

ಪಾಲಯ್ಯ ಚೆಂಬಿಗೆ ತುಟಿ ಹಚ್ಚಿ ಕುಡಿದ. ಅಷ್ಟೂ ಕುಡಿದ.

ಪಕ್ಕೀರಪ್ಪ ಬೆರಳಿನಿಂದ ಇಟ್ಟಿಗೆ ಪುಡಿ ಗೋರಿದ, ಆಮೇಲೆ ಕರಿಮದ್ದು. ಅದರಡಿಯಲ್ಲಿ ತಾಮ್ರ ಹೊಳೆಯಿತು. ಅವನು ತಲೆಯಾಡಿಸಿದ.

ಉಳಿದವು ಎಲ್ಲಿ ಎಂದು ಪಾಲಯ್ಯ ಕೇಳಿದಾಗ ಈರಕ್ಕನ ಮುಖ ಬಿಗಿಯಿತು. ಇವರು ಬಂದದ್ದು ಕಳವಿನ ಮಾಲು ಹುಡುಕಿಕೊಂಡು ಎಂದು ಅವಳಿಗೆ ಅರ್ಥವಾಗಿತ್ತು.

"ನನ್ನ ಗಂಡ ಮಂದಿ ಹೊಲದಾಗ ಒಂದು ಕಡ್ಲಿಗಿಡ ಕಿತ್ತಾವಲ್ಲ. ಒಬ್ಬಾತ ತಂದು ಕೊಟ್ಟಾನ. ನಾವೇನು ಕೇಳಾಕ ಹೋಗಿರಲಿಲ್ಲ."

"ಯಾರು?"

"ಪ್ಯಾಂಟಿನಾತ. ಬಲಗೈಗೆ ಗಡಿಯಾರ ಕಟ್ಟಿದ್ದ. ಜಂಬಣ್ಣನವರಿಗೆ ಬೇಕಾದವ, ಮದುವಿಗೆ ನನ್ನ ಕಡೆಯಿಂದ ಗರ್ನಾಲು ಅಂದ."

ಬಟ್ಟಲು ಅರ್ಧ ತುಂಬಿವೆಯಲ್ಲ ಎಂದು ಸುಂಕಪ್ಪ ಕೇಳಿದನಂತೆ. ಹಾಗೇ ಇರಲಿ, ಏನೂ ಹಾಕಬೇಡ ಎಂದನಂತೆ ಆ ಮನುಷ್ಯ. ಸುಂಕಪ್ಪ ಹಾಗೆಯೇ ಗಾಡಿಗೆ ಹೇರಿಕೊಂಡು ಹೋಗಿದ್ದಾನೆ. ಸಂಜೆಯ ಮೆರವಣಿಗೆಗೆಂದು ಒಂದನ್ನು ಮನೆಯಲ್ಲಿ ಬಿಟ್ಟಿದ್ದ. ಅರ್ಧ ಬಟ್ಟಲು ಹಾರಿಸಿ ಮರ್ಯಾದೆ ಕಳೆದುಕೊಳ್ಳುವುದು ಬೇಡವೆಂದು ಈರಕ್ಕ ಅದನ್ನು ತುಂಬಲು ಕೂತಿದ್ದಳು.

"ಮತ್ತೇನು ಹೇಳಿದ?"

"ಹುಚ್ಚುಮಾತು. ಬಟ್ಟಲು ನಿಲ್ಲಿಸಬ್ಯಾಡ, ಮಲಗಿಸಿ ಇಡು, ಹಂದರದ ಕಡಿಗೆ ಬಾಯಿ ಮಾಡು ಅಂದ. ಮ್ಯಾಲ ಹಾರಿದ್ರ ಸದ್ದು ಮುಗಿಲಿಗೆ ಹೋಗತೈತಂತ. ಗರ್ನಾಲು ಎಲ್ಲೆರ ಮಲಗಿಸಿ ಇಡ್ತಾರೇನ್ರಿ? ಮಲಗಿಸೋದು ಹೆಣಾನ ಅಂದೆ ನಾನು. ನಮ್ಮನಿಯಾತಗ ಸಿಟ್ಟು ಬಂತು."

ಪಾಲಯ್ಯ ಪಕ್ಕೀರಪ್ಪನ ಕಡೆ ತಿರುಗಿದ. ಬೆಳಿಗ್ಗೆಯಿಂದ ಇಬ್ಬರೂ ಇದನ್ನು ಒಂದು ತಪ್ಪು ತಿಳಿವಳಿಕೆ ಎಂದುಕೊಂಡು ಓಡಾಡುತ್ತಿದ್ದರು. ಸಿಕ್ಕ ಮಾಲನ್ನು ಯಾರೋ ಗೊತ್ತಿಲ್ಲದೆ ಗರ್ನಾಲಿನವನಿಗೆ ಕೊಟ್ಟಿದ್ದಾರೆ ಎಂದು. ಆದರೆ ಗೊತ್ತಿಲ್ಲದವನು ಟೊಳ್ಳು ತುಂಬಬೇಡ ಎನ್ನುವುದಿಲ್ಲ. ಬಾಯಿ ಇಂಥ ಕಡೆಗೇ ಇರಲಿ ಎನ್ನುವುದಿಲ್ಲ.

"ಆತನ ಹೆಸರು?"

"ಹೇಳದ ಇರ್ತಾನೇನ್ರಿ? ಇಟ್ಟಿಗಿ ಪಕ್ಕೀರಪ್ಪ ಅಂತ."

ಪಾಲಯ್ಯ ತನ್ನ ಜೊತೆಗಿದ್ದವನನ್ನು ತೋರಿಸಿ, ಈತನನ್ನು ಮುಂಚೆ ಕಂಡಿದ್ದೀಯಾ ಎಂದು ಕೇಳಿದ. ಈ ತಮ್ಮ ಯಾರೋ ತನಗೆ ಗೊತ್ತಿಲ್ಲ ಎಂದಳು ಈರಕ್ಕ. ಪಕ್ಕೀರಪ್ಪನ ಕೈಗಳಲ್ಲಿ ಗಡಿಯಾರ ಇರಲಿಲ್ಲ. ಮದ್ದಿನ ಕೆಲಸದವರು ಲೋಹ ಕಟ್ಟುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಈಗ ಅವನ ಹೆಬ್ಬೆರಳು ಸೊಂಟದ ಉಡಿದಾರವನ್ನು ತಡಕುತ್ತಿತ್ತು. ಅಲ್ಲಿ ಒಂದು ಸಣ್ಣ ಬೀಗದ ಕೈ ಇತ್ತು. ಬಟ್ಟಲುಗಳನ್ನು ಸಿಡಿಸುವ ಕೇಪುಗಳನ್ನು ಎಂದೂ ಬಟ್ಟಲುಗಳ ಜೊತೆ ಸಾಗಿಸುವುದಿಲ್ಲ. ಬೇರೆ ಪೆಟ್ಟಿಗೆಯಲ್ಲಿ, ಬೇರೆ ಗಾಡಿಯಲ್ಲಿ ಪಕ್ಕೀರಪ್ಪನೇ ತಂದಿದ್ದ. ಆ ಪೆಟ್ಟಿಗೆಯ ಬೀಗದ ಕೈ ಅದು.

"ಸಾಹೇಬ್ರ," ಎಂದಳು ಈರಕ್ಕ. ದನಿಯಲ್ಲಿನ ನಗೆ ಹೋಗಿತ್ತು. "ನಮ್ಮನಿಯಾತ ಅದರ ಹಿಂದ ನಿಂತು ಬೆಂಕಿ ಕೊಡ್ತಾನ. ಅವಗ ಏನೂ ಆಗಂಗಿಲ್ಲಲ್ಲ?"

ಪಾಲಯ್ಯ ಉತ್ತರಕ್ಕಾಗಿ ಪಕ್ಕೀರಪ್ಪನನ್ನು ನೋಡಿದ. ತಾಮ್ರ ಮುಂದಕ್ಕೆ ಹೋದರೆ ಉಕ್ಕಿನ ಬಟ್ಟಲು ಚೂರಾಗಿ ಹಿಂದಕ್ಕೂ ಹಾರುತ್ತದೆ ಎಂದು ಅವನು ನೆಲ ನೋಡುತ್ತ ಹೇಳಿದ.

ಯಾರೂ ಕರೆಯದಿದ್ದರೂ ಈರಕ್ಕ ಜೀಪು ಹತ್ತಿ ಕೂತಳು.

ಹಂದರ ಹಾಕಿದ್ದು ಊರಿನ ಇನ್ನೊಂದು ಕೊನೆಯ ಬಯಲಿನಲ್ಲಿ. ಜಂಬಣ್ಣ ಕೊಟ್ಟೂರಿನ ಲಾರಿ ಮಾಲಿಕ. ಹೆಂಡತಿಯ ತವರಾದ ಚಿಗಟೇರಿಯಲ್ಲಿ ಮಗಳ ಮದುವೆ ಮಾಡುತ್ತಿದ್ದ. ಮಗುಚಿದ ಲಾರಿಯೂ ಅವನದೇ. ಆ ಎರಡು ಸಂಗತಿಗಳನ್ನು ಪಾಲಯ್ಯ ಇದುವರೆಗೆ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಈಗ ಎಲ್ಲವೂ ಒಂದು ಸಾಲಿಗೆ ಬರುತ್ತಿತ್ತು. ಯಾರೋ ಮಂಟಪದಲ್ಲಿರುವವರನ್ನು ಕೊಲ್ಲಲು ಹೊರಟಿದ್ದಾರೆ, ಅದು ಆಕಸ್ಮಿಕದಂತೆ ಕಾಣಬೇಕು. ಮದುವೆಯಲ್ಲಿ ಗರ್ನಾಲು ಸಿಡಿದು ಅನಾಹುತ: ಪತ್ರಿಕೆಗಳು ನಾಲ್ಕು ಸಾಲು ಬರೆಯುತ್ತವೆ. ಮದ್ದಿನವನ ಅಜಾಗರೂಕತೆ ಎನ್ನುತ್ತಾರೆ, ಆ ಮದ್ದಿನವನೂ ಸತ್ತಿರುತ್ತಾನೆ. ಮುಂದೆ ಯಾರಾದರೂ ಕೆದಕಿದರೆ, ಬಟ್ಟಲು ಕೊಟ್ಟವನು ಇಟ್ಟಿಗಿ ಪಕ್ಕೀರಪ್ಪ.

ಜೀಪಿನಲ್ಲಿ ಪಕ್ಕದಲ್ಲೇ ಕೂತಿದ್ದ ಪಕ್ಕೀರಪ್ಪನ ಮೊಣಕಾಲು ಕುಣಿಯುತ್ತಿತ್ತು. ಹೆದರಿಕೆಯಿಂದಲೋ ಬೇರೆ ಕಾರಣಕ್ಕೋ ಪಾಲಯ್ಯನಿಗೆ ತಿಳಿಯಲಿಲ್ಲ. ತನ್ನದೇ ಹೆಸರು ಹೇಳಿಸಿ ಇನ್ನೊಬ್ಬನನ್ನು ಕಳಿಸುವಷ್ಟು ದಡ್ಡನಲ್ಲ ಇವನು. ಯಾರೂ ಹಾಗೆ ನಂಬಲಾರರು ಎಂದು ಎಣಿಸುವಷ್ಟು ಜಾಣನಿರಬಹುದು.

ಬಯಲಿನ ಅಂಚಿನ ಬೇವಿನ ಮರದ ಹತ್ತಿರ ಪಾಲಯ್ಯ ಜೀಪು ನಿಲ್ಲಿಸಿದ. ಧ್ವನಿವರ್ಧಕದಲ್ಲಿ ಮುಯ್ಯಿ ಓದುತ್ತಿದ್ದರು. ಪಂಕ್ತಿ ತಡವಾಗಬಾರದೆಂದು ಕಾಣಿಕೆ ಕೊಟ್ಟವರ ಹೆಸರು ಮೊದಲೇ ಹೇಳಿ ಮುಗಿಸುವ ಅವಸರ. ಮುಹೂರ್ತದ ಅಕ್ಕಿಕಾಳು ಇನ್ನೂ ಬಿದ್ದಿರಲಿಲ್ಲ. ಅದು ಬೀಳುವಾಗ ಗಟ್ಟಿಮೇಳ ಆಗುತ್ತದೆ, ಗಟ್ಟಿಮೇಳ ಕೇಳಿದ ಕೂಡಲೇ ಗರ್ನಾಲಿಗೆ ಬೆಂಕಿ.

ಹಂದರದ ಪಕ್ಕದ ಮರಳು ದಿಬ್ಬದ ಮೇಲೆ ಬಟ್ಟಲುಗಳು ಸಾಲಾಗಿ ಮಲಗಿದ್ದವು. ಬಾಯಿಗಳ ನೇರಕ್ಕೆ ನೋಡಿದರೆ ಕಾಣುತ್ತಿದ್ದುದು ಮಂಟಪ. ಅಲ್ಲಿ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ಹಿಂದೆ ಜರಿ ರುಮಾಲಿನ ಜಂಬಣ್ಣ. ದಿಬ್ಬದ ಈಚೆ ಸುಂಕಪ್ಪ, ತುದಿಯಲ್ಲಿ ಅರಿವೆ ಸುತ್ತಿ ಹೊತ್ತಿಸಿದ ಕೋಲು ಹಿಡಿದು, ವಾದ್ಯದವರ ಕಡೆಗೇ ಕಣ್ಣಿಟ್ಟು ನಿಂತಿದ್ದ.

ಪಾಲಯ್ಯ ಕಾಲು ಮುಂದಿಡುವ ಮೊದಲೇ ಈರಕ್ಕ ಹೊರಟಳು. ಓಡಲಿಲ್ಲ. ಸಂತೆಗೆ ಹೋಗುವವಳಂತೆ ನಡೆದು ಗಂಡನ ಪಕ್ಕ ನಿಂತು, ಮನೆಯ ಕೀಲಿ ಎಲ್ಲಿಟ್ಟೆ ಎಂದು ಜಗಳ ತೆಗೆದಳು.

"ಲೇ, ಅಕ್ಕಿಕಾಳು ಬೀಳೋ ಹೊತ್ತಿನಾಗ ಕೀಲಿ ಕೇಳಾಕ ಬಂದ್ಯಾ?" ಎಂದ ಸುಂಕಪ್ಪ.

"ನಿನ್ನ ಕೈಯಾಗ ಕೊಟ್ಟ ಸಾಮಾನು ಯಾವಾಗ ಹೊತ್ತಿಗೆ ಸಿಕ್ಕೈತಿ? ಕೋಲು ಇಲ್ಲಿ ಕೊಡು, ಕಿಸೆ ನೋಡಿಕೋ."

ಅವನು ಕಿಸೆ ತಡಕಲು ಕೋಲನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಪಕ್ಕದಲ್ಲಿದ್ದ ನೀರಿನ ಕೊಡದೊಳಗೆ ಅದ್ದಿದಳು. ಚುಂಯ್ ಎಂದಿತು. ಆಮೇಲೆ ಅಲ್ಲೇ ಮರಳಿನ ಮೇಲೆ ಕೂತಳು.

ಮುಗಿಯಿತು ಎಂದುಕೊಂಡ ಪಾಲಯ್ಯ.

"ಸರ," ಎಂದು ಪಕ್ಕೀರಪ್ಪ ಕರೆದ.

ಅಷ್ಟರಲ್ಲೇ ಅವನು ದಿಬ್ಬದ ಹಿಂದೆ ಹೋಗಿ ಬೋರಲಾಗಿ ಮಲಗಿದ್ದ; ಪಾಲಯ್ಯ ಅವನ ಬಳಿಗೆ ಬಂದು ಬಾಗಿದ. ಬಟ್ಟಲುಗಳ ಬೆನ್ನಿನುದ್ದಕ್ಕೂ ಹಗ್ಗದಂಥ ಒಂದು ಬತ್ತಿ ಪೋಣಿಸಿದ್ದರು, ಮೇಲೆ ಮರಳು ಮುಚ್ಚಿದ್ದರು. ಒಳಗೆ ಮದ್ದು ತುಂಬಿದ ಆ ಬತ್ತಿ ಬಾವಿಯೊಳಗೆ ಎಲ್ಲ ಬಟ್ಟಲನ್ನೂ ಒಟ್ಟಿಗೆ ಹಾರಿಸುವಂಥದು. ಪಕ್ಕೀರಪ್ಪ ಮರಳು ಸರಿಸುತ್ತ ಅದರ ತುದಿಗೆ ಹೋಗಿದ್ದ. ತುದಿಯಲ್ಲಿ ಬೀಡಿಯಷ್ಟು ದಪ್ಪದ ಲೋಹದ ಕೇಪು. ಕೇಪಿನಿಂದ ಎರಡು ಹಳದಿ ತಂತಿಗಳು ಹೊರಟು ಮತ್ತೆ ಮರಳಿನೊಳಗೆ ಇಳಿದಿದ್ದವು.

"ಇದಕ್ಕ ಬೆಂಕಿ ಬೇಕಾಗೇ ಇಲ್ರಿ," ಎಂದ. "ಕರೆಂಟು ತಾಕಿದ್ರ ಸಾಕು. ಸುಂಕಪ್ಪನ್ನ ಬರೇ ನಿಂದ್ರಿಸ್ಯಾನ, ಮಂದಿ ಕಣ್ಣಿಗೆ ಕಾಣಲಿ ಅಂತ."

ಬಟ್ಟಲುಗಳನ್ನು ಜೋಡಿಸಿದವರು ಯಾರು ಎಂದು ಪಾಲಯ್ಯ ಕೇಳಿದ. ತಾನಲ್ಲ ಎಂದ ಸುಂಕಪ್ಪ, ಬಣ್ಣಗೆಟ್ಟ ಮುಖದಿಂದ. ಆ ಗಡಿಯಾರದವನೇ ಬೆಳಿಗ್ಗೆ ಬಂದು ಎಲ್ಲ ಜೋಡಿಸಿ, ಮರಳು ಮುಚ್ಚಿ, ಗಟ್ಟಿಮೇಳದ ತನಕ ಮುಟ್ಟಬೇಡ ಎಂದು ಹೇಳಿ ಹಂದರದ ಕಡೆ ಹೋದನಂತೆ.

ಪಕ್ಕೀರಪ್ಪ ಕೇಪಿನ ಮೈಮೇಲಿನ ಗುರುತನ್ನು ನೋಡುತ್ತಿದ್ದ.

"ಇದು ನನ್ನ ಪೆಟ್ಟಿಗ್ಯಾಗಿಂದು," ಎಂದ. ಅದನ್ನು ಹೇಳದೆ ಇರಬಹುದಿತ್ತು. "ಬೀಗ ಮುರಿದಿಲ್ರಿ. ಮುಂಜಾನಿ ನೋಡೇನಿ."

ಬೀಗದ ಕೈ ಅವನ ಉಡಿದಾರದಲ್ಲಿತ್ತು.

ಕೂಗಿ ಜನರನ್ನು ಎಬ್ಬಿಸಿದರೆ ತಂತಿಯ ಆ ತುದಿಯಲ್ಲಿದ್ದವನು ಆ ಕ್ಷಣವೇ ಕರೆಂಟು ಬಿಡುತ್ತಾನೆ. ತಂತಿಯನ್ನು ಹುಡುಕುತ್ತ ಹೋಗೋಣವೆಂದರೆ ಮರಳು ಮುಗಿದಲ್ಲಿಂದ ಜಮಖಾನ, ಜಮಖಾನದ ಮೇಲೆ ಹೆಂಗಸರು ಮಕ್ಕಳು. ಕೇಪು ಬಿಡಿಸಬಲ್ಲವನು ಇಲ್ಲಿ ಒಬ್ಬನೇ. ಇದುವರೆಗಿನ ಪುರಾವೆಗಳೆಲ್ಲ ಬೆರಳು ಮಾಡುತ್ತಿರುವುದೂ ಅವನೊಬ್ಬನ ಕಡೆಗೇ.

"ಕಿತ್ತರ?" ಎಂದ ಪಾಲಯ್ಯ.

"ಕೇಪು ಎಳೀಬಾರದು. ತಂತಿ ಕಡೀಬೇಕು, ಒಂದೊಂದಾಗಿ. ಎರಡೂ ಒಟ್ಟಿಗೆ ಕಡದ್ರ ನಡುವ ತಾಕಿ ಏನಾದೀತೋ. ಕತ್ತರಿ ಇಲ್ಲ, ಹಲ್ಲು ಅದಾವ." ಅವನು ತಲೆಯೆತ್ತಿದ. "ನೀವು ದೂರ ಹೋಗ್ರಿ. ಈರಕ್ಕನ್ನೂ ಕರಕೊಂಡು ಹೋಗ್ರಿ."

ಪಾಲಯ್ಯ ಕದಲಲಿಲ್ಲ. ಸುಂಕಪ್ಪ ಹೆಂಡತಿಯನ್ನು ಎಬ್ಬಿಸಿ ಬೇವಿನ ಮರದ ಕಡೆ ನಡೆಸಿದ.

ಧ್ವನಿವರ್ಧಕ ಒಮ್ಮೆ ಕೆಮ್ಮಿ ಮತ್ತೆ ಓದತೊಡಗಿತು. ಹೂವಿನಹಡಗಲಿಯ ಯಾರೋ ಒಂದು ಸೀರೆ. ಕೂಡ್ಲಿಗಿಯ ಬೀಗರು ಬೆಳ್ಳಿ ದೀಪ.

"ಇಟ್ಟಿಗಿ ಪಕ್ಕೀರಪ್ಪನವರಿಂದ ಮದುಮಕ್ಕಳಿಗೆ ಒಂದು ಹಿತ್ತಾಳಿ ಕೊಡ."

ಮರಳಿನ ಮೇಲೆ ಮಲಗಿದ್ದ ಪಕ್ಕೀರಪ್ಪ ಆ ಮಾತಿಗೆ ತಿರುಗಿಯೂ ನೋಡಲಿಲ್ಲ. ಅವನು ತನ್ನ ಬೆರಳುಗಳನ್ನು ನೋಡುತ್ತಿದ್ದ. ಅವುಗಳ ನಡುವೆ ಸಡಿಲವಾಗಿ ಬಿದ್ದಿದ್ದ ಹಳದಿ ತಂತಿಗಳೆರಡೂ ಮೆಲ್ಲಗೆ ಬಿಗಿಯಾಗುತ್ತಿದ್ದವು.

"ಆ ಕಡೆಯಿಂದ ಎಳಿಯಾಕತ್ಯಾರ್ರಿ, ಕರೆಂಟಿಗೆ ಹಚ್ಚಾಕ," ಎಂದ.

ಒಂದು ತಂತಿಯನ್ನು ಬೇರೆ ಮಾಡಿ ಹಲ್ಲಿಗೆ ಕೊಟ್ಟ.

ಹಂದರದಲ್ಲಿ ಜನ ಎದ್ದು ನಿಂತರು. ಗಟ್ಟಿಮೇಳ ಶುರುವಾಯಿತು.